ಕಾಲು ಮೇಲಾದ ಮೇಜು

ಸೆಪ್ಟೆಂಬರ್ 4

ಅಕ್ಕನ ಮನೆಗೆ ಬಂದು ಮೂರು ದಿನವಾಯಿತು. ಹೊಳೆ ಇಳಿದು ಹನ್ನೆರಡು ದಿನ. ಕೆಳಗಿನ ಹಾಲಿನ ಗೋಡೆ ಮೇಲೆ ನೀರು ನಿಂತ ಗೆರೆ ಸರಿಯಾಗಿ ನನ್ನ ಎದೆಮಟ್ಟಕ್ಕಿದೆ. ಅದನ್ನು ಮುಚ್ಚೋಕೆ ಅಂತ ಅಕ್ಕ ಕ್ಯಾಲೆಂಡರ್ ನೇತುಹಾಕಿದ್ದಾಳೆ. ಗೆರೆ ಗೋಡೆಯುದ್ದಕ್ಕೂ ಇದೆ, ಕ್ಯಾಲೆಂಡರ್ ಒಂದೇ ಇದೆ. ಹೇಳಿದ್ದಕ್ಕೆ, "ನೀನು ಕಲಾವಿದೆ, ನಿನ್ನ ಕಣ್ಣಿಗೆ ಬೀಳುತ್ತೆ. ನಮಗೆ ಬೀಳಲ್ಲ ಬಿಡು" ಅಂದಳು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ರಿಟೈರ್ ಆದರೂ ಬೀದಿಗೆಲ್ಲ ಇವಳು ನರ್ಸಮ್ಮನೇ. ನಾನು ನರ್ಸಮ್ಮನ ತಂಗಿ. ನಾನು ಮಾಡಿದ ಕಲಾಕೃತಿಗಳ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ.

ಈ ಸಲ ಗೊತ್ತಾಗುತ್ತೆ. ನಾಲ್ಕು ವರ್ಷದಿಂದ ಯಾರೂ ನನ್ನನ್ನು ಕರೆದಿರಲಿಲ್ಲ, ನಗರಸಭೆಯವರು ಕರೆದಿದ್ದಾರೆ. ಪ್ರವಾಹದಲ್ಲಿ ಹಾಳಾದ ಸಾಮಾನಿನಿಂದಲೇ ಒಂದು ದೊಡ್ಡ ಕೃತಿ, ಗ್ರಂಥಾಲಯದ ಮುಂದಿನ ಬಯಲಲ್ಲಿ. ಮೂವತ್ತನೇ ತಾರೀಕು ಉದ್ಘಾಟನೆ. ನನಗೆ ಅಂತ ಹಳೇ ಗೋಡೌನ್ ಒಂದನ್ನು ಬಿಟ್ಟುಕೊಟ್ಟಿದ್ದಾರೆ. ಲಾರಿಯವರು ಎತ್ತೋ ಕಸದಲ್ಲಿ ಮರದ್ದು ಎಷ್ಟಿದೆಯೋ ಅಷ್ಟೂ ಅಲ್ಲಿಗೆ ಬಂದು ಬೀಳಬೇಕು ಅಂತ ಆರ್ಡರ್ ಆಗಿದೆ.

ಈ ಬೀದಿಗಳಿಗೆ ಒಂದು ಕಾನೂನಿದೆ, ಅಕ್ಕ ಹೇಳಿಕೊಟ್ಟಳು. ಕುರ್ಚಿ, ಮಂಚ, ಮೇಜು ನೆಟ್ಟಗೆ ನಿಂತಿದ್ದರೆ ಮನೆಯವರು ಒಣಗೋಕೆ ಇಟ್ಟದ್ದು, ಮುಟ್ಟಬಾರದು. ಕಾಲು ಮೇಲೆ ಮಾಡಿ ಮಲಗಿಸಿದ್ದರೆ ಕಸ, ಲಾರಿಗೆ. ಯಾರೂ ಬೋರ್ಡ್ ಹಾಕಿಲ್ಲ, ಆದರೆ ಎಲ್ಲರಿಗೂ ಗೊತ್ತು. ಲಾರಿ ಮೇಸ್ತ್ರಿಗಂತೂ, ಎಲ್ಲರೂ ಮೀಸೆ ಅಂತ ಕರೆಯೋ ಆ ಮನುಷ್ಯನಿಗೆ, ದೂರದಿಂದಲೇ ಕಾಲು ಲೆಕ್ಕ ಸಿಕ್ಕಿಬಿಡುತ್ತೆ.

ಇವತ್ತು ತಿರುವಿನ ಹತ್ತಿರ ಒಂದು ಮೇಜು ಕಂಡೆ. ಏಳಡಿ ಉದ್ದ, ಗಟ್ಟಿ ಹಲಗೆ, ಅಂಚಿನುದ್ದಕ್ಕೂ ಇಂಚಿಗೊಂದರಂತೆ ಹಿತ್ತಾಳೆ ಮೊಳೆ. ಕೆಸರಲ್ಲಿ ಮುಳುಗೆದ್ದರೂ ಮೊಳೆಗಳು ಹೊಳೀತಿದ್ದವು. ನನ್ನ ಕೃತಿಯ ನಡುಭಾಗ ಸಿಕ್ಕಿತು ಅಂತ ಅಲ್ಲೇ ಅನಿಸಿತು. ಕಾಲು ಮೇಲಾಗಿತ್ತು.

ಸೆಪ್ಟೆಂಬರ್ 6

ಬಂತು! ಮೀಸೆಯ ಲಾರಿಯಲ್ಲಿ ಮುರಿದ ಬಾಗಿಲು, ಕಿಟಕಿಗಳ ಜೊತೆ ಅದೂ ಬಂದು ಬಿತ್ತು. ಅವನು ಇಳಿಸಿಹೋದ ಕೂಡಲೇ ಗರಗಸ ಹಚ್ಚಿದೆ. ಕಾಲು ಬಿಚ್ಚಿದೆ, ಹಲಗೆಯನ್ನು ಅಡ್ಡಕ್ಕೆ ಏಳು ತುಂಡು ಮಾಡಿದೆ, ಒಂದೊಂದೂ ಒಂದಡಿ. ಏಳು ಕಬ್ಬಿಣದ ಸರಳಿನ ತುದಿಗೆ ಏಳು ತುಂಡು, ಒಂದಕ್ಕಿಂತ ಒಂದು ಎತ್ತರಕ್ಕೆ, ನೀರು ಏರಿದ ಹಾಗೆ. ಬೆಳಕು ಬಿದ್ದರೆ ಮೊಳೆಗಳ ಸಾಲು ಮಿನುಗಬೇಕು. ಸುತ್ತ ಬಾಗಿಲುಗಳು. ಹೆಸರು: ‘ಜಲಲಿಪಿ’.

ಅಕ್ಕನಿಗೆ ಹೇಳಿದೆ. "ನೀರು ಬರೆದಿದ್ದು ನಾವು ಓದಿ ಆಯ್ತಲ್ಲೇ, ಮತ್ತೆ ನೀನ್ಯಾಕೆ ಬರೆಸ್ತೀಯಾ?" ಅಂದಳು. ಇವಳ ಹತ್ತಿರ ಕಲೆ ಮಾತಾಡೋದು ಒಂದೇ, ಗೋಡೆ ಹತ್ತಿರ ಮಾತಾಡೋದು ಒಂದೇ. ಗೋಡೆಯಾದರೂ ತಿರುಗಿ ಮಾತಾಡಲ್ಲ.

ತುಂಬ ದಿನದ ಮೇಲೆ ಖುಷಿಯಾಗಿದ್ದೇನೆ.

ಸೆಪ್ಟೆಂಬರ್ 9

ಅಕ್ಕ ಬೆಳಿಗ್ಗೆ ಟೀ ಲೋಟ ಕೈಗೆ ಕೊಡ್ತಾ ಹೇಳಿದಳು: "ಪಾಪ ಕಣೇ, ಟೈಲರಮ್ಮನ ಮೇಜು ಹೋಯ್ತಂತೆ."

ಯಾವ ಟೈಲರಮ್ಮ ಅಂದೆ. ತಿರುವಿನ ಮನೆಯವರು. ಗಂಡ ಇಲ್ಲ. ಹತ್ತು ವರ್ಷದಿಂದ ಕಣ್ಣು ಮಸುಕು, ಈಗೀಗ ಬೆಳಕು ನೆರಳು ಬಿಟ್ಟರೆ ಏನೂ ಕಾಣಲ್ಲ. ಆದರೂ ಬಟ್ಟೆ ಕತ್ತರಿಸ್ತಾರೆ. ಗಂಡ ಬದುಕಿದ್ದಾಗ ಕತ್ತರಿಸೋ ಮೇಜಿನ ಅಂಚಿಗೆ ಇಂಚಿಗೊಂದು ಮೊಳೆ ಹೊಡೆದುಕೊಟ್ಟಿದ್ದಾನೆ. ಬೆರಳಲ್ಲಿ ಎಣಿಸಿ ಅಳತೆ ಹಿಡೀತಾರೆ. ಮನೆ ಕುಸಿದು ಈಗ ಹಳೇ ಸಿನಿಮಾ ಹಾಲಿನ ಶಿಬಿರದಲ್ಲಿದ್ದಾರೆ. ಮೇಜನ್ನು ಮಾತ್ರ ನಾಲ್ಕು ಜನರನ್ನು ಕಾಡಿಬೇಡಿ ಎತ್ತಿಸಿ ಬೀದಿಯಲ್ಲಿ ಒಣಗೋಕೆ ಇಡಿಸಿದ್ದರು.

"ನೆಟ್ಟಗೆ ಇಟ್ಟಿದ್ರಂತೆ, ಮೇಲೊಂದು ಕಲ್ಲೂ ಇಟ್ಟಿದ್ರಂತೆ. ಆ ಲಾರಿಯವರು ಕಣ್ಣು ಮುಚ್ಚಿಕೊಂಡು ಎತ್ತಾಕಿಕೊಂಡು ಹೋಗಿದ್ದಾರೆ. ಆಸ್ಪತ್ರೆಯ ನಲವತ್ತು ಯೂನಿಫಾರ್ಮ್ ಈ ತಿಂಗಳ ಕೊನೆಗೆ ಕೊಡಬೇಕು. ನಾನೇ ಮಾತಾಡಿ ಕೊಡಿಸಿದ್ದು. ಮೇಜಿಲ್ದೆ ಏನು ಮಾಡ್ತಾರೆ? ಆ ಕೆಲಸ ಬೇರೆಯವರ ಪಾಲಾಗುತ್ತೆ, ಆಮೇಲೆ ಇವರನ್ನ ಯಾರು ಕೇಳ್ತಾರೆ?"

ಟೀ ಲೋಟ ಕೆಳಗಿಟ್ಟೆ. ಬೇರೆ ಮೇಜೂ ಇರಬಹುದು. ಊರಲ್ಲಿ ಮೊಳೆ ಹೊಡೆದ ಮೇಜು ಒಂದೇ ಇರುತ್ತಾ?

ಸೆಪ್ಟೆಂಬರ್ 11

ಸಂಸ್ಕೃತಿ ವಿಭಾಗದ ಅಧಿಕಾರಿ ಫೋನ್ ಮಾಡಿದರು. ಮೇಜು ಗೋಡೌನಿಗೇ ಹಾಕಿದ್ದೀನಿ ಅಂತ ಮೀಸೆ ಹೇಳ್ತಿದ್ದಾನಂತೆ. "ನಿಮ್ಮಲ್ಲಿ ಅಂಥ ಮೇಜು ಏನಾದ್ರೂ ಇದೆಯಾ ಮೇಡಂ?"

"ಮೇಜು ಅಂತ ಯಾವುದೂ ಇಲ್ಲ" ಅಂದೆ.

ಫೋನ್ ಹಿಡಿದುಕೊಂಡೇ ಸರಳಿನ ಮೇಲಿನ ಏಳು ತುಂಡು ನೋಡ್ತಾ ನಿಂತಿದ್ದೆ. ಮೇಜು ಇಲ್ಲ, ಅದು ನಿಜ.

ಸೆಪ್ಟೆಂಬರ್ 12

ಏನೂ ಇಲ್ಲ. ಕೆಲಸ ಮಾಡಲಿಲ್ಲ.

ಸೆಪ್ಟೆಂಬರ್ 14

ಅಕ್ಕ ಎಳೆದುಕೊಂಡು ಹೋದಳು. ತಲೆನೋವು ಅಂದೆ, ಮಾತ್ರೆ ಕೊಟ್ಟು ಎಳೆದುಕೊಂಡು ಹೋದಳು. ನರ್ಸ್ ಜೊತೆ ಇದೇ ಕಷ್ಟ, ಕುಂಟುನೆಪ ನಡೆಯಲ್ಲ.

ಸಿನಿಮಾ ಹಾಲಿನಲ್ಲಿ ಸೀಟುಗಳನ್ನೆಲ್ಲ ಕಿತ್ತು ಚಾಪೆ ಹಾಸಿದ್ದಾರೆ. ನೆಲ ಇಳಿಜಾರು, ಮಲಗಿದವರು ಬೆಳಗಾಗೋದರಲ್ಲಿ ಒಂದು ಮೊಳ ಕೆಳಗೆ ಜಾರಿರ್ತಾರಂತೆ. ಟೈಲರಮ್ಮ ಅದನ್ನೇ ಹೇಳಿ ನಕ್ಕರು. ಸಣ್ಣ ದೇಹ, ಕೊರಳಲ್ಲಿ ಟೇಪು, ಅದರ ಅಂಕಿಗಳು ಅವರಿಗೆ ಕಾಣಲ್ಲ. ಪಕ್ಕದಲ್ಲಿ ಪ್ಲಾಸ್ಟಿಕ್ ಸುತ್ತಿದ ಬಿಳಿ ಬಟ್ಟೆಯ ಥಾನು, ಕತ್ತರಿ ಮುಟ್ಟಿಲ್ಲ.

"ನರ್ಸಮ್ಮನ ತಂಗೀನಾ? ಬನ್ನಿ, ಕೈ ಕೊಡಿ" ಅಂದರು. ಕೊಟ್ಟೆ. ಮೊಣಕೈಯಿಂದ ಮಣಿಕಟ್ಟಿನ ತನಕ ಗೇಣು ಹಾಕಿ, "ಅಕ್ಕನಿಗಿಂತ ಉದ್ದ ಕೈ" ಅಂದರು. ಆಮೇಲೆ ನನ್ನ ಅಂಗೈ ಸವರಿ, "ಗಾಯ ಆಗಿದೆಯಲ್ಲಾ! ಗರಗಸವಾ? ನೋಡಿಕೊಂಡು ಮಾಡಿ ಅಮ್ಮಾ, ನಿಮಗಾದ್ರೆ ಕಣ್ಣಿದೆ."

ನೆಲ ಬಾಯ್ಬಿಟ್ಟು ನನ್ನನ್ನು ನುಂಗಬಾರದಾ ಅನಿಸಿತು. ಆ ಗಾಯ ಅವರ ಮೇಜು ಕೊಯ್ಯುವಾಗಲೇ ಆದದ್ದು.

ಮಾತು ನಾಲಿಗೆ ತುದಿಯಲ್ಲಿತ್ತು. ಆದರೆ ಬಾಯಿಂದ ಬಂದದ್ದು ಬೇರೆ: "ನಾನು ನಿಮಗೆ ಹೊಸ ಮೇಜು ಮಾಡಿಕೊಡ್ತೀನಿ, ಮೊಳೆ ಹೊಡೆದು." ಅವರು ನನ್ನ ಎರಡೂ ಕೈ ಹಿಡಿದು, "ನೀವು ಚೆನ್ನಾಗಿರಬೇಕು" ಅಂದರು. ಸುತ್ತಲಿದ್ದವರೂ ತಲೆದೂಗಿದರು. ಅಕ್ಕ ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿದಳು. ಕಳ್ಳಿಗೆ ಸನ್ಮಾನ ಆದ ಹಾಗಾಯಿತು.

ವಾಪಸು ಬರುವಾಗ ಅಕ್ಕ ಇನ್ನೊಂದು ಹೇಳಿದಳು. ಮೀಸೆಯನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಮೇಜು ಗೋಡೌನಿನಲ್ಲಿ ಇಲ್ಲ ಅಂತ ಗೊತ್ತಾಯಿತಲ್ಲ, ದಾರಿಯಲ್ಲೇ ಮಾರಿಕೊಂಡ ಅಂತ ಎಲ್ಲರ ಅನುಮಾನ.

ಸೆಪ್ಟೆಂಬರ್ 15

ಈ ಪುಸ್ತಕವನ್ನು ನಾನಲ್ಲದೆ ಯಾರೂ ಓದಲ್ಲ. ಹಾಗಿದ್ದೂ ನಾಲ್ಕನೇ ತಾರೀಕು ಸುಳ್ಳು ಬರೆದಿದ್ದೇನೆ. ನನ್ನ ಹತ್ತಿರ ನನಗೇ ನಾಚಿಕೆ ಅಂದರೆ ಇನ್ನು ಯಾರ ಹತ್ತಿರ ಮುಖ ತೋರಿಸಲಿ?

ಮೇಜು ಕಾಲು ಮೇಲಾಗಿರಲಿಲ್ಲ. ನೆಟ್ಟಗೆ ನಿಂತಿತ್ತು. ಮೇಲೆ ಕಲ್ಲಿತ್ತು, ಕಲ್ಲಿನ ಕೆಳಗೆ ಮಡಚಿದ ಬಟ್ಟೆಯಿತ್ತು, ಹಲಗೆಗೆ ಗೀರು ಬೀಳದಿರಲಿ ಅಂತ ಯಾರೋ ಇಟ್ಟದ್ದು. ಮಧ್ಯಾಹ್ನ ಎರಡು ಗಂಟೆ, ಬೀದಿಯಲ್ಲಿ ಯಾರೂ ಇರಲಿಲ್ಲ. ಆ ಕಡೆ ನೋಡಿದೆ, ಈ ಕಡೆ ನೋಡಿದೆ. ಕಲ್ಲು ತೆಗೆದು ಚರಂಡಿ ಪಕ್ಕ ಇಟ್ಟೆ. ಒಂದು ಬದಿ ಎತ್ತಿ, ಭುಜ ಕೊಟ್ಟು, ಮಗುಚಿದೆ. ಅಷ್ಟು ಭಾರದ ಮೇಜು ಒಬ್ಬಳೇ ಹೇಗೆ ಮಗುಚಿದೆನೋ! ಆಸೆಗೆ ಅಷ್ಟು ಬಲ ಇರುತ್ತೆ. ಆಮೇಲೆ ಆ ಬಟ್ಟೆಯಲ್ಲೇ ಕೈ ಒರೆಸಿಕೊಂಡೆ.

ಕೈಯಿಂದ ಕದ್ದಿದ್ದರೆ ಕಳ್ಳಿ ಅನ್ನಬಹುದಿತ್ತು. ನಾನು ಕಾಲು ಮೇಲೆ ಮಾಡಿ ಕದಿಯೋ ಕೆಲಸವನ್ನು ಮೀಸೆಗೆ ಬಿಟ್ಟೆ. ಅವನು ಕಾನೂನಿನ ಪ್ರಕಾರವೇ ಎತ್ತಿದ.

ಛೀ.

ಸೆಪ್ಟೆಂಬರ್ 18

ಮೀಸೆ ಗೋಡೌನಿಗೆ ಬಂದ. ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ. ಶೇವ್ ಮಾಡಿಲ್ಲ, ಮೀಸೆ ಯಾವುದು ಗಡ್ಡ ಯಾವುದು ಗೊತ್ತಾಗ್ತಿರಲಿಲ್ಲ.

"ಮೇಡಂ, ಒಂದು ಸಹಾಯ ಬೇಕು. ನೀವು ದಿನಾ ಆ ಬೀದಿಯಲ್ಲಿ ಓಡಾಡ್ತೀರಲ್ಲ, ಮೇಜು ಕಾಲು ಮೇಲಾಗಿದ್ದನ್ನ ನೋಡಿರ್ತೀರ. ಆಫೀಸಿನಲ್ಲಿ ಅದೊಂದು ಮಾತು ಹೇಳಿ ಸಾಕು. ನೀವು ಹೇಳಿದ್ರೆ ನಂಬ್ತಾರೆ."

ಏಳು ತುಂಡು ಅವನ ಎದುರಿಗೇ ಇದ್ದವು. ಮೊಳೆ ಮೇಲೆ ಬಿಸಿಲು ಬಿದ್ದಿತ್ತು. ಅವನು ನನ್ನ ಮುಖವನ್ನೇ ನೋಡ್ತಿದ್ದ, ಅದಕ್ಕೇ ಅವು ಕಾಣಲಿಲ್ಲ.

"ಕಾಲು ಮೇಲಾಗಿತ್ತು" ಅಂದೆ. "ಮೇಲೆ ಮಾಡಿದ್ದು ನಾನು."

ಅವನಿಗೆ ಅರ್ಥವಾಗಲಿಲ್ಲ. ಬೆರಳು ಮಾಡಿ ತುಂಡುಗಳನ್ನು ತೋರಿಸಿದೆ. ನಿಧಾನಕ್ಕೆ ಒಳಗೆ ಬಂದ, ಒಂದು ಮೊಳೆ ಮುಟ್ಟಿದ. ಬೈತಾನೆ ಅಂತ ಕಾಯ್ತಿದ್ದೆ, ಬೈದಿದ್ದರೆ ಎಷ್ಟೋ ವಾಸಿ.

"ನನ್ನ ಹೆಂಡತೀನೂ ಕೇಳಿದ್ಲು ಮೇಡಂ. ಎಲ್ಲಿ ಮಾರಿದೆ, ನನಗಾದ್ರೂ ನಿಜ ಹೇಳು ಅಂತ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೀವಿ."

ಕ್ಷಮಿಸು ಅಂದೆ. "ನನಗೆ ಹೇಳಿ ಏನು ಬಂತು?" ಅಂದು ಹೊರಟುಹೋದ.

ಸೆಪ್ಟೆಂಬರ್ 19

ಹತ್ತು ಗಂಟೆಗೆ ಆಫೀಸು ತೆರೆಯೋ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ದೆ. ಅಧಿಕಾರಿಗೆ ಎಲ್ಲ ಹೇಳಿದೆ. ಅವರು ಮೊದಲು ಬಾಗಿಲು ಹಾಕಿದರು. "ಉದ್ಘಾಟನೆ ಮುಗೀಲಿ ಮೇಡಂ, ಆಮೇಲೆ ನೋಡೋಣ. ಈಗ ಹೇಳಿದ್ರೆ ನಿಮ್ಮ ಮರ್ಯಾದೆ, ನಮ್ಮ ಮರ್ಯಾದೆ, ಎಲ್ಲ ಹೋಗುತ್ತೆ."

ಮೀಸೆಯ ಮರ್ಯಾದೆ ಹೋಗಿ ವಾರ ಆಯಿತು ಅಂದೆ. ಕಾಗದ ಕೇಳಿ ತಗೊಂಡು ಅಲ್ಲೇ ಬರೆದೆ: ಮೇಜು ನೆಟ್ಟಗಿತ್ತು, ಮಗುಚಿದವಳು ನಾನು, ಕತ್ತರಿಸಿದವಳು ನಾನು, ಫೋನಿನಲ್ಲಿ ಸುಳ್ಳು ಹೇಳಿದವಳೂ ನಾನು. ಸಹಿ ಹಾಕಿದೆ. ಕಲಾಕೃತಿಗಳ ಮೇಲೆ ಹಾಕೋ ಸೊಗಸಿನ ಸಹಿಯೇ ಅಭ್ಯಾಸಬಲದಿಂದ ಬಿತ್ತು. ಅದಕ್ಕೂ ನಾಚಿಕೆಯಾಯಿತು.

ಸಂಜೆ ಅಕ್ಕನಿಗೆ ಹೇಳಿದೆ. ತಟ್ಟೆ ಹಾಕಿ ಊಟ ಬಡಿಸಿ ಎದ್ದುಹೋದಳು.

ಸೆಪ್ಟೆಂಬರ್ 20

ಅಕ್ಕ ಇವತ್ತು ದಿನವೆಲ್ಲ ನನ್ನನ್ನು ಒಂದು ಸಲವೂ ಗೇಲಿ ಮಾಡಲಿಲ್ಲ. ಐವತ್ತು ವರ್ಷದಲ್ಲಿ ಇದೇ ಮೊದಲು. ಕೆನ್ನೆಗೆ ಎರಡು ಬಾರಿಸಿದ್ದರೆ ನೆಮ್ಮದಿಯಾಗಿ ಇರ್ತಿದ್ದೆ.

ಮೀಸೆಯ ಲಾರಿ ಮನೆಮುಂದೆ ಹೋಯಿತು. ಅವನೇ ಮುಂದೆ ಕೂತಿದ್ದ. ಹಾರ್ನ್ ಮಾಡಲಿಲ್ಲ.

ಸೆಪ್ಟೆಂಬರ್ 21

ಟೈಲರಮ್ಮನ ಹತ್ತಿರ ಹೋದೆ, ಒಬ್ಬಳೇ. ಹಾಲಿನ ಹೊರಗೆ ಬನ್ನಿ ಅಂತ ಕರೆಯೋಣ ಅಂತಿದ್ದೆ; ಬೇಡ, ಹರಸುವಾಗ ಎಲ್ಲರೂ ಇದ್ದರಲ್ಲ, ಇದಕ್ಕೂ ಇರಲಿ ಅಂತ ಚಾಪೆ ಮೇಲೇ ಕೂತು ಹೇಳಿದೆ. ಕಲ್ಲು ತೆಗೆದದ್ದು, ಬಟ್ಟೆಯಲ್ಲಿ ಕೈ ಒರೆಸಿದ್ದು, ಯಾವುದನ್ನೂ ಬಿಡಲಿಲ್ಲ. ಪಕ್ಕದ ಚಾಪೆಯ ಹೆಂಗಸು "ಅಯ್ಯಯ್ಯೋ!" ಅಂತ ಬಾಯಿ ಮೇಲೆ ಕೈಯಿಟ್ಟಳು.

ಟೈಲರಮ್ಮ ಕೊರಳಿನ ಟೇಪು ತೆಗೆದು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಕೇಳಿದರು: "ಎಷ್ಟು ತುಂಡು?"

"ಏಳು."

"ಉದ್ದಕ್ಕೋ ಅಡ್ಡಕ್ಕೋ?"

"ಅಡ್ಡಕ್ಕೆ."

"ಮೊಳೆ ಕಿತ್ತಿದ್ದೀಯಾ?" ಅಲ್ಲಿಯವರೆಗೆ ನೀವು ಅಂತಿದ್ದವರು.

"ಇಲ್ಲ, ಒಂದೂ ಕಿತ್ತಿಲ್ಲ."

"ಹಾಗಾದ್ರೆ ಜೋಡಿಸು. ಹೊಸ ಮೇಜು ನನಗೆ ಬೇಡ. ಒಂದನೇ ತಾರೀಕಿನ ತನಕ ಟೈಮ್ ಕೇಳ್ತೀನಿ. ಇಪ್ಪತ್ತೈದಕ್ಕೆ ತಂದುಕೊಡು, ಎದ್ದು ಹೋಗೀಗ."

ಎದ್ದೆ. ಬಾಗಿಲ ತನಕ ಆ ಇಳಿಜಾರು ಹತ್ತೋದು ನನಗೆ ಬೆಟ್ಟ ಹತ್ತಿದ ಹಾಗಿತ್ತು. ಎಲ್ಲರ ಕಣ್ಣೂ ನನ್ನ ಬೆನ್ನ ಮೇಲೆ.

ಸೆಪ್ಟೆಂಬರ್ 22

ತುಂಡುಗಳನ್ನು ಸರಳಿನಿಂದ ಇಳಿಸಿದೆ. ಪಕ್ಕಪಕ್ಕ ಮರದ ಗೂಟ ಕೂರಿಸೋಕೆ ತೂತು ಕೊರೆದೆ. ಬರೀ ಅಂಟು ಹಿಡಿಯಲ್ಲ, ನೀರು ಕುಡಿದ ಮರ. ಹಲಗೆಯ ಕೆಳಗೆ ಉದ್ದಕ್ಕೂ ಎರಡು ಕಬ್ಬಿಣದ ಪಟ್ಟಿ ಬೇಕು. ಗೋಡೌನಿನಲ್ಲಿ ಅಷ್ಟುದ್ದದ ಪಟ್ಟಿ ಇದ್ದದ್ದು ಬಾಗಿಲುಗಳನ್ನು ನಿಲ್ಲಿಸಿದ್ದ ಚೌಕಟ್ಟಿನಲ್ಲಿ ಮಾತ್ರ. ಕಿತ್ತೆ.

ಸೆಪ್ಟೆಂಬರ್ 23

ಅಂಟು ಹಾಕಿ, ಎರಡೂ ತುದಿ ಬಿಗಿದು, ಮೇಲೆ ಕಲ್ಲು ಹೇರಿದೆ. ಆ ದಿನ ಚರಂಡಿ ಪಕ್ಕ ಇಟ್ಟ ಕಲ್ಲು ಅಲ್ಲೇ ಇತ್ತು, ಅದನ್ನೂ ತಂದೆ. ಅಕ್ಕ ಡಬ್ಬಿಯಲ್ಲಿ ಊಟ ತಂದುಕೊಟ್ಟಳು. "ಅಂಟು ಕೂದಲಿಗೂ ಹಚ್ಚಿಕೊಂಡಿದ್ದೀಯಲ್ಲೇ, ಅದನ್ನೂ ಜೋಡಿಸ್ತೀಯಾ?" ಅಂದಳು. ಕಣ್ಣಲ್ಲಿ ನೀರು ಬಂತು, ಅಂಟಿನ ಘಾಟು ಅಂದೆ.

ಸೆಪ್ಟೆಂಬರ್ 24

ಅಂಟು ಒಣಗಿದ ಮೇಲೆ ಪಟ್ಟಿ ಬಿಗಿದು, ಕಾಲು ಕೂರಿಸಿ, ಟೇಪು ಹಿಡಿದೆ. ಮೊದಲೇ ಹಿಡಿಯಬೇಕಿತ್ತು. ಮೇಜು ಒಂದು ಇಂಚು ಗಿಡ್ಡವಾಗಿದೆ.

ಗರಗಸ ತಿಂದದ್ದು. ಒಂದೊಂದು ಕೊಯ್ತಕ್ಕೂ ಅದರ ಹಲ್ಲಿನ ದಪ್ಪದಷ್ಟು ಮರ ಪುಡಿಯಾಗಿ ಹೋಗುತ್ತೆ, ಮೇಲೆ ನಾನು ಅಂಚು ಉಜ್ಜಿ ನಯ ಮಾಡಿದ್ದೆ ಬೇರೆ. ಆರು ಕೊಯ್ತ. ಹನ್ನೆರಡನೇ ಮೊಳೆಗೂ ಹದಿಮೂರನೆಯದಕ್ಕೂ ನಡುವೆ ಇಂಚಿಲ್ಲ, ಕಡಿಮೆ ಇದೆ. ಇಪ್ಪತ್ತನಾಲ್ಕಕ್ಕೂ ಇಪ್ಪತ್ತೈದಕ್ಕೂ ಹಾಗೇ. ಆರು ಜಾಗದಲ್ಲಿ. ನೋಡೋಕೆ ಕಾಣಲ್ಲ. ನೋಡದವರಿಗೇ ಗೊತ್ತಾಗೋದು.

ನೆಲದ ಮೇಲಿನ ಪುಡಿಯನ್ನು ಆರನೇ ತಾರೀಕೇ ಗುಡಿಸಿ ಹೊರಗೆ ಹಾಕಿದ್ದೆ.

ಸೆಪ್ಟೆಂಬರ್ 25

ಮೀಸೆಯ ಲಾರಿಯಲ್ಲೇ ಮೇಜು ಹೋಯಿತು. ಬೇರೆ ಗಾಡಿ ನೋಡ್ತೀನಿ ಅಂದರೂ ಅವನು ಕೇಳಲಿಲ್ಲ. "ನಾನು ಎತ್ತಿದ್ದು, ನಾನೇ ಇಳಿಸ್ತೀನಿ" ಅಂದ. ದಾರಿಯುದ್ದಕ್ಕೂ ನನ್ನ ಜೊತೆ ಆಡಿದ ಮಾತು ಅದೊಂದೇ. ಹಾಲಿನಲ್ಲಿ ಪರದೆಯ ಕೆಳಗೆ ಮಾತ್ರ ನೆಲ ಸಮ, ಅಲ್ಲಿ ಇಳಿಸಿದೆವು. ನೆಟ್ಟಗೆ.

ಟೈಲರಮ್ಮ ಬಂದು ಮೊದಲು ಮೇಲೆಲ್ಲ ಸವರಿದರು. ಆಮೇಲೆ ಬಲಗೈಯ ತೋರುಬೆರಳನ್ನು ಅಂಚಿಗೆ ಇಟ್ಟು ಎಣಿಸ್ತಾ ಹೊರಟರು. ಹನ್ನೆರಡರ ಹತ್ತಿರ ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು.

ನಾನು ಕೇಳೋ ಮೊದಲೇ ಒಪ್ಪಿಕೊಂಡೆ. "ಆರು ಕಡೆ ಕಡಿಮೆ ಇದೆ. ಗರಗಸ ತಿಂದುಬಿಟ್ಟಿದೆ. ಎಲ್ಲ ಮೊಳೆ ಕಿತ್ತು ಹೊಸದಾಗಿ ಅಳತೆ ಮಾಡಿ ಹೊಡೀತೀನಿ. ಎರಡು ದಿನ ಕೊಡಿ."

"ಮೊಳೆ ಮುಟ್ಟಬೇಡ" ಅಂದರು. ಅಷ್ಟು ಗಡುಸಾಗಿ ಅವರು ಮಾತಾಡಿದ್ದು ಅದೇ ಮೊದಲು. "ಅದು ಅವರು ಹೊಡೆದದ್ದು. ಕಡಿಮೆ ಇದ್ದಲ್ಲಿ ನಾನು ಸೇರಿಸ್ಕೋತೀನಿ. ಆದರೆ ಮರೆತರೆ ನಲವತ್ತು ಜನರ ಅಂಗಿ ಗಿಡ್ಡ ಆಗುತ್ತೆ. ಎದುರಿಗೆ ಕೂತು ನೋಡ್ತಿರು. ಕಣ್ಣಿದೆಯಲ್ಲ ನಿನಗೆ."

ಸೆಪ್ಟೆಂಬರ್ 27

ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಆರು. ನಾನು ಬಟ್ಟೆಯ ತುದಿ ಹಿಡೀತೀನಿ, ಸೂಜಿಗೆ ದಾರ ಪೋಣಿಸ್ತೀನಿ, ಸೀಮೆಸುಣ್ಣದ ಗೆರೆ ಸೊಟ್ಟಗಾದರೆ ಹೇಳ್ತೀನಿ. ಹದಿನಾಲ್ಕು ಅಂಗಿ ಕತ್ತರಿಸಿ ಆಯಿತು. ಅಡ್ಮಿಷನ್ ಕೌಂಟರಿನ ನರ್ಸಿಗೆ ಎಡ ಭುಜ ಇಳಿದಿದೆ, ಅವಳದಕ್ಕೆ ಆ ಕಡೆ ಒಂದು ಮಡಿಕೆ ಜಾಸ್ತಿ. ಇಂಥದ್ದೆಲ್ಲ ಟೈಲರಮ್ಮನ ತಲೆಯಲ್ಲೇ ಇದೆ. ಸಂಜೆ ಮೀಸೆ ಬಂದು ಹರಿದ ಜೇಬು ಹೊಲಿಸಿಕೊಂಡು ಹೋದ. ನನಗೆ ಟೀ ತಂದಿರಲಿಲ್ಲ, ಅವರಿಗೆ ಮಾತ್ರ ತಂದಿದ್ದ. ಸರಿಯೇ.

ಅಧಿಕಾರಿಯ ಮೂರು ಫೋನ್ ಬಂದಿತ್ತು, ಎತ್ತೋಕೆ ಕೈ ಬಿಡುವಿರಲಿಲ್ಲ. ಬಾಗಿಲು, ಸರಳು ಎಲ್ಲ ಹೇಗಿದೆಯೋ ಹಾಗೇ ತಗೊಂಡು ಹೋಗಲಿ ಅಂತ ಗೋಡೌನಿನ ಬೀಗದ ಕೈ ಅಕ್ಕನ ಹತ್ತಿರ ಕೊಟ್ಟೆ.

ಸೆಪ್ಟೆಂಬರ್ 30

ಮೂವತ್ತೆಂಟು ಆಯಿತು. ತೋಳಿನ ಪಟ್ಟಿ ತಿರುಗಿಸಿ ಹೊಲಿಯೋದು ಇವತ್ತು ನನಗೂ ಬಂತು.

ಸಂಜೆ ಅಕ್ಕ ಒಳ್ಳೇ ಸೀರೆ ಉಟ್ಟುಕೊಂಡು ಹಾಲಿಗೆ ಬಂದಳು. ಏನು ವಿಶೇಷ ಅಂದೆ.

"ಏನು ವಿಶೇಷವಾ? ನಿನ್ನ ಉದ್ಘಾಟನೆ ಕಣೇ! ಮುಗಿಸಿಕೊಂಡು ಬರ್ತಿದ್ದೀನಿ. ಅದೇನು ಜನ! ಆ ಏಳು ಖಾಲಿ ಸರಳು ಹಾಗೇ ನಿಲ್ಲಿಸಿದ್ದಾರೆ. ಒಬ್ಬ ದೊಡ್ಡ ಮನುಷ್ಯರು ಅದರ ಮುಂದೆ ನಿಂತು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ್ರು. ಕಳೆದುಹೋದದ್ದನ್ನ ಏನೂ ಇಲ್ಲದೇ ತೋರಿಸಿದ್ದಾಳೆ ಅಂತೆ. ಎಲ್ಲಾ ಪೇಪರ್‌ನವರು ನಿನ್ನನ್ನೇ ಕೇಳ್ತಿದ್ರು."

"ನೀನು ಏನಂದೆ?"

"ಅಂಗಿ ಹೊಲೀತಿದ್ದಾಳೆ ಅಂದೆ."

ಟೈಲರಮ್ಮ ಕತ್ತೆತ್ತದೆ, "ಮಾತು ಸಾಕು, ತುದಿ ಹಿಡಿ, ಇನ್ನೆರಡಿದೆ" ಅಂದರು. ಹಿಡಿದೆ. ಬಿಳಿ ಬಟ್ಟೆ ಮೇಜಿನ ತುಂಬ ಹರಡಿತು. ಅವರು ತೋರುಬೆರಳನ್ನು ಅಂಚಿಗಿಟ್ಟು ಎಂದಿನ ಹಾಗೆ ಗಟ್ಟಿಯಾಗಿ ಎಣಿಸತೊಡಗಿದರು. ಐದು ದಿನದಿಂದ ಕೇಳ್ತಿದ್ದೇನೆ, ಗರಗಸ ತಿಂದ ಆರು ಕಡೆಯೂ ಅವರು ಒಂದು ಮಾತು ಸೇರಿಸಿ ಎಣಿಸ್ತಾರೆ; ಬೈಯೋಕೆ ಅಂತ ಅಲ್ಲ, ಮರೆಯಬಾರದು ಅಂತ. ಇವತ್ತು ಅಕ್ಕ ಪಕ್ಕದಲ್ಲಿ ನಿಂತಿದ್ದಳು, ಅವಳೂ ಕೇಳಿಸಿಕೊಂಡಳು. ನಾನು ತಲೆ ಎತ್ತಲಿಲ್ಲ.

"ಹತ್ತು, ಹನ್ನೊಂದು, ಹನ್ನೆರಡು, ನೀನು, ಹದಿಮೂರು, ಹದಿನಾಲ್ಕು..."